ಗೋಬರ್ ಗ್ಯಾಸ್ ಒಡೆದ ಗುಲಾಮಹುಸೇನ

ಕೊಟ್ಟೂರಿನಲ್ಲಿ ಗುಲಾಮಹುಸೇನನಿಗೆ ‘ಲೈಟಿನ ಹುಸೇನಪ್ಪ’ ಎಂಬ ಹೆಸರು ಬಿದ್ದಿತ್ತು. ಹಾಗೆಂದು ಅವನೇನೂ ಕಂಬ ಹತ್ತಿ ಲೈಟು ಹಾಕುವವನಲ್ಲ. ಊರಿನ ಟಾಕೀಸಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದ ಆಪರೇಟರ್. ಪರದೆಯ ಮೇಲೆ ನಾಯಕ ನಾಲ್ಕು ಜನರನ್ನು ಬಡಿದು ಹಾಕಿದಾಗ ಸಿಳ್ಳೆ ಹೊಡೆದವರಿಗೆ ಲೆಕ್ಕವಿಲ್ಲ. ಆ ಹೊಡೆದಾಟಕ್ಕೆ ಬೆಳಕು ಎಲ್ಲಿಂದ ಬರುತ್ತದೆ ಎಂದು ತಿರುಗಿ ನೋಡಿದ ಪುಣ್ಯಾತ್ಮ ಮಾತ್ರ ಒಬ್ಬನೂ ಇರಲಿಲ್ಲ. ಈಗಿನವರಿಗಂತೂ ಅದು ಗೊತ್ತೇ ಇಲ್ಲ, ಆದ್ದರಿಂದ ಬಿಡಿಸಿ ಹೇಳಲೇಬೇಕು.

ಆಗ ಪ್ರೊಜೆಕ್ಟರಿನ ಹೊಟ್ಟೆಯಲ್ಲಿ ಬಲ್ಬು ಇರುತ್ತಿರಲಿಲ್ಲ. ಎರಡು ಕಾರ್ಬನ್ ಕಡ್ಡಿಗಳು ಎದುರುಬದುರು ಇರುತ್ತಿದ್ದವು. ಕರೆಂಟು ಹಾಯಿಸಿ, ತುದಿಗೆ ತುದಿ ಮುಟ್ಟಿಸಿ, ತಟ್ಟನೆ ಹಿಂದಕ್ಕೆ ಸರಿಸಿದರೆ ನಡುವಿನ ಸಂದಿಯಲ್ಲಿ ಕಣ್ಣು ಕುಕ್ಕುವ ಬೆಳಕು ಹೊತ್ತಿಕೊಳ್ಳುತ್ತಿತ್ತು. ಅದೇ ಸಿನಿಮಾದ ಬೆಳಕು. ಆದರೆ ಕಡ್ಡಿಗಳು ಉರಿಯುತ್ತಾ ಸವೆಯುತ್ತವೆ. ಸವೆದಂತೆಲ್ಲ ಸಂದಿ ಅಗಲವಾಗಿ, ಬೆಳಕು ಪಟಪಟ ಬಡಿದುಕೊಂಡು ಆರುವುದಕ್ಕೆ ನೋಡುತ್ತದೆ. ಆಪರೇಟರ್ ಆದವನು ಕೈಯನ್ನು ತಿರುಪಿನ ಮೇಲಿಟ್ಟುಕೊಂಡು, ಆ ಪಟಪಟ ಕೇಳಿದ ಕೂಡಲೇ ಕಡ್ಡಿಯನ್ನು ಒಳಕ್ಕೆ ತಳ್ಳಬೇಕು. ಗುಲಾಮಹುಸೇನನಂತೂ ಟೀ ಕುಡಿಯುತ್ತ, ಬೀಡಿ ಸೇದುತ್ತ, ಯಾರ ಜೊತೆಗೋ ಹರಟುತ್ತಲೇ ತಳ್ಳುತ್ತಿದ್ದ. ಅವನ ಕಿವಿಗೆ ಕೇಳಿದ್ದು ತಲೆಗೆ ಹೋಗುತ್ತಿರಲಿಲ್ಲ, ನೇರ ಕೈಗೆ ಹೋಗುತ್ತಿತ್ತು. ಅವನು ಡ್ಯೂಟಿಯಲ್ಲಿದ್ದ ದಿನ ಪರದೆ ಕಪ್ಪಾಗಿ ಜನ ಕುರ್ಚಿ ಬಡಿದದ್ದು ಯಾರಿಗೂ ನೆನಪಿಲ್ಲ. ಪ್ರೊಜೆಕ್ಟರ್ ಇಟ್ಟಿದ್ದ ಕ್ಯಾಬಿನ್ನಿನಲ್ಲಿ ಒಂದು ಕಟ್ಟುಪಾಡಿತ್ತು: ಒಬ್ಬನು ಮಷಿನ್ ಮುಂದೆ ನಿಂತಾಗ ಇನ್ನೊಬ್ಬನು ಅದರ ಯಾವ ತಿರುಪನ್ನೂ ಮುಟ್ಟಬಾರದು. ಮಾಲೀಕನೇ ಬಂದರೂ ಕೈ ಹಿಂದೆ ಕಟ್ಟಿಕೊಂಡೇ ನಿಲ್ಲಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಮಾಲೀಕ ನಾಗೇಂದ್ರಪ್ಪ ಹೊಸ ಜೆನಾನ್ ಲ್ಯಾಂಪು ತಂದು ಕೂಡಿಸಿದ. “ಹುಸೇನಾ, ಇನ್ನ ನಿನಗ ಆರಾಮ ನೋಡು. ಸ್ವಿಚ್ ಹಾಕೋದು, ಕುಂದ್ರೋದು” ಎಂದು ದೊಡ್ಡ ಉಪಕಾರ ಮಾಡಿದವನಂತೆ ಹೇಳಿದ. ಗುಲಾಮಹುಸೇನ ಸ್ವಲ್ಪ ಕಾಲ ಸ್ವಿಚ್ ಹಾಕಿ ಕುಳಿತು ನೋಡಿದ. ಅವನಿಗೆ ಸೇರಲಿಲ್ಲ. ಕೆಲಸ ಬಿಟ್ಟ. ಬಸ್‌ಸ್ಟ್ಯಾಂಡಿನ ಹಿಂದೆ ವೆಲ್ಡಿಂಗ್ ಅಂಗಡಿ ಇಟ್ಟ. ಉಳಿದಿದ್ದ ಕಾರ್ಬನ್ ಕಡ್ಡಿಗಳನ್ನು ನಾಗೇಂದ್ರಪ್ಪ ಗುಜರಿಗೆ ಹಾಕಲು ಹೊರಟಾಗ ತಾನೇ ಕೇಳಿ ಮನೆಗೆ ತಂದುಕೊಂಡ. ಹೆಂಡತಿ ಮುಮ್ತಾಜ್ ಬೇಗಂ, “ಇವನ್ನೇನು ಒಲಿಗೆ ಹಾಕ್ತೀರಾ?” ಎಂದು ಕೇಳಿದರೂ ಅವನ್ನು ಗೋಣಿತಾಟಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟ.

ಅವನ ಜೀವದ ಗೆಳೆಯ ಗವಿಸಿದ್ದೇಶ್. ಹರಪನಹಳ್ಳಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಪಿಯುಸಿ ಓದುವಾಗಿನಿಂದಲೂ ಟಿಕೆಟ್ಟಿಲ್ಲದೆ ಕ್ಯಾಬಿನ್ನಿಗೆ ಬಂದು, ರೀಲು ಸುತ್ತುವ ಸ್ಟೂಲಿನ ಮೇಲೆ ಕುಳಿತು ಸಿನಿಮಾ ನೋಡಿದವನು. ಮನೆಯಲ್ಲಿ ಜಗಳವಾದಾಗ ಗುಲಾಮಹುಸೇನನ ಮನೆಯಲ್ಲಿ ಉಂಡು ಮಲಗಿದವನು. ಮದುವೆಯ ಹೆಣ್ಣು ನೋಡಲು ಹೋಗುವಾಗ ಗುಲಾಮಹುಸೇನನನ್ನೇ ಪಕ್ಕದಲ್ಲಿ ಕೂಡಿಸಿಕೊಂಡು ಹೋಗಿದ್ದವನು. ಒಬ್ಬರಿಗೊಬ್ಬರು ಲೇ, ಲೇ ಅನ್ನದೆ ಮಾತು ಶುರುವಾಗುತ್ತಿರಲಿಲ್ಲ. ಮುಮ್ತಾಜ್ ಅವನನ್ನು ಸಿದ್ದಣ್ಣ ಎನ್ನುತ್ತಿದ್ದಳು, ಹಾಗೆ ಕರೆಯುವಾಗ ಅವಳ ಮುಖ ನಿಜಕ್ಕೂ ಅಣ್ಣನನ್ನು ಕಂಡವಳಂತೆ ಅರಳುತ್ತಿತ್ತು.

ಆ ಸಿದ್ದೇಶ್ ಒಂದು ದಿನ ಕಾಲೇಜು ಮುಗಿಸಿ ನೇರ ವೆಲ್ಡಿಂಗ್ ಅಂಗಡಿಗೆ ಬಂದ. ಬಂದವನೇ, “ಲೇ ಗುಲಾಮ, ಆ ಟಾಕೀಸಿನ ಕಡ್ಡಿ ಇನ್ನೂ ಇಟ್ಕೊಂಡೀಯಾ?” ಅಂದ.

“ಅದಾವ. ಯಾಕಲೇ?”

“ನಮ್ಮ ಅತ್ತಿ ಮನಿಯಾಗ ಗೋಬರ್ ಗ್ಯಾಸ್ ಐತೆಲ್ಲ, ಅದನ್ನ ಒಡಿಯೋಣು ಅಂತ.”

ಗುಲಾಮಹುಸೇನ ನಕ್ಕ. “ಗ್ಯಾಸೇನು ತೆಂಗಿನಕಾಯೇನಲೇ ಒಡಿಯಾಕ?”

ಸಿದ್ದೇಶ್ ಸೀಮೆಸುಣ್ಣ ತೆಗೆದು ಅಂಗಡಿಯ ಕಬ್ಬಿಣದ ತಗಡಿನ ಮೇಲೆಯೇ ಪಾಠ ಶುರು ಮಾಡಿದ. “ಇಲ್ಲಿ ನೋಡು. ಗೋಬರ್ ಗ್ಯಾಸಿನಾಗ ಉರಿಯೋದು ಮಿಥೇನು. ಒಂದು ಕಾರ್ಬನ್, ಅದಕ್ಕ ನಾಕು ಹೈಡ್ರೋಜನ್ ಜೋತುಬಿದ್ದಾವ. ಸುಟ್ಟರ ಕಾರ್ಬನ್ ಗಾಳಿ ಸೇರತೈತಿ, ಹಾಳು. ಸುಡದ ಒಡದ್ರ? ಕಾರ್ಬನ್ ಮಸಿ ಆಗಿ ತಳಕ್ಕ ಬೀಳತೈತಿ. ಹೈಡ್ರೋಜನ್ ಒಂದ ಬ್ಯಾರೆ ಆಗಿ ಹೊರಗ ಬರತೈತಿ. ಅದನ್ನ ಸುಟ್ಟರ ಹೊಗಿನ ಇಲ್ಲ, ನೀರಾವಿ ಅಷ್ಟ. ಆದ್ರ ಒಡಿಯಾಕ ಪ್ಲಾಸ್ಮಾ ಬೇಕು.”

“ಅದೆಲ್ಲಿ ಸಿಗತೈತಿ? ದಾವಣಗೆರ್‍ಯಾಗ?”

“ಎಲ್ಲೂ ಸಿಗಂಗಿಲ್ಲೋ. ನಿನ್ನ ಎರಡು ಕಡ್ಡಿ ನಡುವ ಉರಿತಿತ್ತಲ್ಲ, ಅದ ಪ್ಲಾಸ್ಮಾ. ಗಾಳಿಗೆ ಕರೆಂಟು ಹೊಕ್ಕು ಗಾಳಿ ಗಾಳಿಯಾಗಿ ಉಳಿದಿರಂಗಿಲ್ಲ. ಅದರೊಳಗ ಹಾಯ್ದ ಗ್ಯಾಸು ಚೂರುಚೂರು.”

ಗುಲಾಮಹುಸೇನ ಕೈಲಿದ್ದ ರಾಡು ಕೆಳಗಿಟ್ಟ. ವರ್ಷಗಟ್ಟಲೆ ತಾನು ಸಾಕಿದ ಬೆಳಕಿಗೆ ಒಂದು ಹೆಸರಿದೆ, ಆ ಹೆಸರು ಕಾಲೇಜಿನ ಪುಸ್ತಕದಲ್ಲಿದೆ, ಅದಕ್ಕೆ ಸಿನಿಮಾ ತೋರಿಸುವುದಕ್ಕಿಂತ ದೊಡ್ಡ ಕೆಲಸವೂ ಗೊತ್ತಿದೆ ಎಂದು ಕೇಳಿ ಅವನಿಗಾದ ಖುಷಿ ಅಷ್ಟಿಷ್ಟಲ್ಲ. ಆ ದಿನ ಮನೆಗೆ ಹೋಗಿ ಮುಮ್ತಾಜಳಿಗೆ ಹೇಳಿದ: “ನಾನು ಇಷ್ಟು ದಿನ ಪ್ಲಾಸ್ಮಾ ಕೆಲಸ ಮಾಡ್ತಿದ್ದೆ.” ಅವಳು ಒಗೆಯುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ, “ಈಗೂ ಮಾಡ್ರಿ, ಯಾರು ಬ್ಯಾಡ ಅಂದಾರ” ಅಂದಳು.

ಸಿದ್ದೇಶನ ಸೋದರತ್ತೆ ಅನ್ನದಾನಮ್ಮನ ಮನೆ ಉಜ್ಜಿನಿ ರಸ್ತೆಯ ಬದಿಗಿತ್ತು. ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ, ಪಕ್ಕದಲ್ಲಿ ಎಮ್ಮೆ ಕಟ್ಟುವ ಕೊಟ್ಟಿಗೆ. ಕೊಟ್ಟಿಗೆಯ ಅರ್ಧ ಭಾಗ ಗೆಳೆಯರ ಪಾಲಾಯಿತು. ಗುಂಡಿಯಿಂದ ಬರುವ ಪೈಪು ಒಂದೇ. ಅದನ್ನು ಕವಲು ಮಾಡಿ ಒಂದನ್ನು ಅಡುಗೆಮನೆಗೆ ಬಿಟ್ಟು ಇನ್ನೊಂದನ್ನು ಕೊಟ್ಟಿಗೆಗೆ ಎಳೆದರು. ಅನ್ನದಾನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತು ಕರಾರು ಹಾಕಿದಳು: “ನೀವೇನಾರ ಒಡೀರಿ, ಏನಾರ ಹರೀರಿ. ನನ್ನ ಒಲಿ ಆರಿತೋ, ಇಬ್ರನ್ನೂ ಎಮ್ಮಿ ಜೋಡಿ ಕಟ್ಟಿಹಾಕ್ತೀನಿ.”

ಕ್ಯಾಬಿನ್ನಿನ ಕಟ್ಟುಪಾಡು ಇಲ್ಲಿಗೂ ಬಂತು. ಗ್ಯಾಸು ಸಿದ್ದೇಶನದು: ಅದನ್ನು ಸುಣ್ಣದ ತಿಳಿನೀರಿನಲ್ಲಿ ಹಾಯಿಸಿ ತೊಳೆಯುವುದು, ವಾಲ್ವ್ ತಿರುವಿ ಎಷ್ಟು ಬೇಕೋ ಅಷ್ಟು ಬಿಡುವುದು, ಪೈಪಿನೊಳಗೆ ಗಾಳಿ ಒಂದಿಷ್ಟೂ ಉಳಿಯದಂತೆ ಮೊದಲೇ ಹೊರಹಾಕುವುದು. ಗಾಳಿ ಉಳಿದರೆ ಕೊಟ್ಟಿಗೆ ಹಾರಿಹೋಗುತ್ತಿತ್ತು. ಕಿಡಿ ಗುಲಾಮಹುಸೇನನದು: ದಪ್ಪ ಕಬ್ಬಿಣದ ಪೈಪಿನೊಳಗೆ ಎರಡು ಕಡ್ಡಿ, ನೋಡುವುದಕ್ಕೆ ವೆಲ್ಡಿಂಗಿನ ಕಪ್ಪು ಗಾಜಿನ ಕಿಂಡಿ, ಹೊರಗೆ ತಿರುಪು. ಇವನ ತಿರುಪನ್ನು ಅವನು ಮುಟ್ಟುವಂತಿಲ್ಲ, ಅವನ ವಾಲ್ವ್ ಇವನು ಮುಟ್ಟುವಂತಿಲ್ಲ.

ಮೊದಲ ದಿನವೇ ಫ್ಯೂಜು ಹಾರಿತು. ಎರಡನೆಯ ದಿನವೂ ಹಾರಿತು. ಕಾರಣ ಹುಡುಕಲು ಪೈಪು ಬಿಚ್ಚಿ ನೋಡಿದರೆ ಗುಲಾಮಹುಸೇನನಿಗೆ ನಗು ಬಂತು. ಟಾಕೀಸಿನಲ್ಲಿ ಸವೆಯುತ್ತಿದ್ದ ಕಡ್ಡಿ ಇಲ್ಲಿ ಬೆಳೆದಿತ್ತು! ಒಡೆದ ಗ್ಯಾಸಿನ ಮಸಿಯೆಲ್ಲ ಕಡ್ಡಿಯ ತುದಿಗೆ ಗಡ್ಡದಂತೆ ಅಂಟಿಕೊಂಡು ಎದುರಿನ ಕಡ್ಡಿಯನ್ನು ಮುಟ್ಟಿಬಿಟ್ಟಿತ್ತು. ಇಲ್ಲಿ ತಳ್ಳಬಾರದು, ಹಿಂದಕ್ಕೆ ಎಳೆಯಬೇಕು. ಹೇಳುವುದು ಸುಲಭ. ಆದರೆ ಅಷ್ಟು ವರ್ಷ ತಳ್ಳಿದ ಕೈ ಎಳೆ ಅಂದರೆ ಎಳೆಯುತ್ತದೆಯೇ? ಎಡಗೈಯಲ್ಲಿ ಊಟ ಮಾಡು ಅಂದ ಹಾಗೆ. ತಿಂಗಳುಗಟ್ಟಲೆ ಗುಲಾಮಹುಸೇನ ತನ್ನ ಕೈಗೆ ತಾನೇ ಬೈದುಕೊಂಡು, ಬುದ್ಧಿ ಹೇಳಿ, ಹೊಸ ಚಾಳಿ ಕಲಿಸಿದ. ದಿನವೂ ಕರಿಮೂತಿ ಮಾಡಿಕೊಂಡು ಮನೆಗೆ ಹೋದ. ಮುಮ್ತಾಜ್ ಅವನ ಬಟ್ಟೆಗಳನ್ನು ಬೇರೆ ಬಕೀಟಿಗೆ ಹಾಕತೊಡಗಿದಳು.

ಕೊನೆಗೊಂದು ಮಧ್ಯಾಹ್ನ ಪೈಪಿನ ಆಚೆ ತುದಿಯಲ್ಲಿ ಕಟ್ಟಿದ್ದ ಬಲೂನು ಉಬ್ಬಿತು. ಸಿದ್ದೇಶ್ ದಾರ ಬಿಚ್ಚಿದ. ಬಲೂನು ಸರ್‍ರನೆ ಮೇಲೇರಿ ಕೊಟ್ಟಿಗೆಯ ಜಂತೆಗೆ ತಲೆ ಕೊಟ್ಟು ನಿಂತಿತು. ಉಳಿದ ಗ್ಯಾಸನ್ನು ಬಾಟಲಿಗೆ ಹಿಡಿದು ಬೆಂಕಿಕಡ್ಡಿ ಗೀರಿದರೆ ‘ಪಟ್’ ಎಂದು ಶಬ್ದ ಬಂತು. ಎಮ್ಮೆ ಹಗ್ಗ ಜಗ್ಗಿತು. ತಳದಲ್ಲಿ ಕೈತುಂಬ ಮಸಿ, ನುಣ್ಣಗೆ, ಕಣ್ಣಿಗೆ ಹಚ್ಚುವ ಕಾಡಿಗೆಯ ಹಾಗೆ. “ಒಡದ್ವಲ್ಲೋ ಗುಲಾಮ! ಒಡದ್ವಿ!” ಎಂದು ಸಿದ್ದೇಶ್ ಅವನನ್ನು ಅಪ್ಪಿಕೊಂಡು ಕುಣಿದ. ಗುಲಾಮಹುಸೇನನ ಇಡೀ ಜೀವಮಾನದಲ್ಲಿ ಅಷ್ಟು ಖುಷಿಯ ದಿನ ಇನ್ನೊಂದಿರಲಿಲ್ಲ. ಮಗಳ ನಿಕಾಹದ ದಿನವೂ ಇಷ್ಟು ಖುಷಿಯಾಗಿರಲಿಲ್ಲ ಎಂದು ಅವನು ಮುಮ್ತಾಜಳ ಮುಂದೆಯೇ ಬಾಯಿಬಿಟ್ಟು ಹೇಳಿ ಬೈಸಿಕೊಂಡ.

ಆಮೇಲೆ ಸಿದ್ದೇಶನ ತಲೆಗೆ ಮೋಟರು ಹೊಕ್ಕಿತು. ಲಾರಿಯ ವೈಪರ್ ಮೋಟರೊಂದನ್ನು ತಿರುಪಿಗೆ ಜೋಡಿಸಿ, ಕರೆಂಟು ಏರಿದಾಗ ತಾನೇ ಎಳೆಯುವ ಹಾಗೆ, ಇಳಿದಾಗ ತಾನೇ ತಳ್ಳುವ ಹಾಗೆ ಮಾಡಬೇಕು ಎಂದ. “ನಿನ್ನ ಕೈಗೆ ಒಬ್ಬ ತಮ್ಮ ಇದ್ದಂಗ. ನಿನಗ ಬ್ಯಾಸರಾದಾಗ ಅವ ನಡಸ್ತಾನ” ಎಂದ. ಗುಲಾಮಹುಸೇನ ತಾನೇ ಹರಪನಹಳ್ಳಿಗೆ ಹೋಗಿ ಗುಜರಿಯಲ್ಲಿ ಹುಡುಕಿ ಮೋಟರು ತಂದ. ಪಕ್ಕದಲ್ಲಿ ಇನ್ನೊಂದು ಪೈಪು ನಿಲ್ಲಿಸಿ ಬೆಸೆದುಕೊಟ್ಟ. ಸಿದ್ದೇಶ್ ಕೇಳಿದ್ದಕ್ಕೆಲ್ಲ ಬಾಯಿ ಬಿಟ್ಟು ಹೇಳಿದ: ಯಾವ ಶಬ್ದಕ್ಕೆ ಕೈ ಏನು ಮಾಡುತ್ತದೆ, ಗಡ್ಡ ಬೆಳೆಯುವಾಗ ಗಾಜಿನಲ್ಲಿ ಬೆಳಕು ಯಾವ ಬಣ್ಣಕ್ಕೆ ತಿರುಗುತ್ತದೆ, ಎಷ್ಟು ಎಳೆದರೆ ಸಾಕು. ಮುಚ್ಚುಮರೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ತನ್ನ ಕೈಯ ಹುಳುಕನ್ನೂ ಹೇಳಿದ.

“ಒಂದು ಮಾತ್ರ ನೋಡಪಾ. ಗ್ಯಾಸು ಜೋರು ಬಂದ್ರ ಕಿಡಿ ಪಟಪಟ ಅನ್ನತೈತಿ. ಟಾಕೀಸಿನಾಗ ಸಂದಿ ಅಗಲ ಆದಾಗಿನ ಶಬ್ದನ ಅದು. ಆ ಶಬ್ದ ಕೇಳಿದ್ರ ನನ್ನ ಕೈ ನನ್ನ ಮಾತು ಕೇಳಂಗಿಲ್ಲ, ಒಳಗ ತಳ್ಳೇಬಿಡತೈತಿ. ಅದಕ್ಕ ನೀ ಜೋರು ಬಿಡಬ್ಯಾಡ.”

“ಇಲ್ಲ ಬಿಡಲೇ. ವಾಲ್ವ್ ನನ್ನ ಕೈಯಾಗ ಐತೆಲ್ಲ” ಎಂದ ಸಿದ್ದೇಶ್.

ಮುಂದಿನ ವರ್ಷ ಬೆಂಗಳೂರಿನ ಕಡೆಯ ಒಂದು ಸಂಶೋಧನಾ ಸಂಸ್ಥೆಯವರು ಇದನ್ನು ನೋಡಲು ಬರುತ್ತಾರೆ ಎಂದಾಯಿತು. ಅವರು ಮೆಚ್ಚಿದರೆ ಮಷಿನ್ನನ್ನೂ ಸಿದ್ದೇಶನನ್ನೂ ಅಲ್ಲಿಗೆ ಕರೆಸಿಕೊಳ್ಳುವವರಿದ್ದರು. “ಇಬ್ರೂ ಹೋಗೋಣು” ಅಂದ ಸಿದ್ದೇಶ್. “ನೀನಿಲ್ಲದ ಇದು ಹುಟ್ಟತಿತ್ತೇನು? ಅವತ್ತು ಮೊದಲ ನಿನ್ನ ಕೈ ತೋರಸೋಣು, ಆಮ್ಯಾಲ ಮೋಟರು. ಇದು ಹೆಂಗ ಹುಟ್ಟಿತು ಅಂತ ಅವರು ಕಣ್ಣಾರೆ ನೋಡಲಿ.” ಗುಲಾಮಹುಸೇನ ಊರಿಗೆಲ್ಲ ಸಾರಿದ. ನಾಗೇಂದ್ರಪ್ಪನ ಟಾಕೀಸಿಗೂ ಹೋಗಿ, “ನೀವು ಗುಜರಿಗೆ ಹಾಕಬೇಕಂತಿದ್ರೆಲ್ಲ, ಅವ ಕಡ್ಡಿ” ಎಂದು ಹೇಳಿ ಬಂದ. ಜಂಬ ಕೊಚ್ಚಿದ ಅಂತೀರೋ? ಕೊಚ್ಚಲಿ ಬಿಡಿ, ಅವನು ಅದಕ್ಕೆ ಮುಂಚೆ ಯಾವತ್ತೂ ಕೊಚ್ಚಿದವನಲ್ಲ.

ಆ ದಿನ ಅವನು ಗಡ್ಡ ಒಪ್ಪ ಮಾಡಿಸಿ, ಸಿದ್ದೇಶ್ ಹೇಳಿದ್ದಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದ. ಅವನ ಮಾತಿನಂತೆಯೇ ಮುಮ್ತಾಜಳನ್ನೂ ಕರೆತಂದ. ಅತಿಥಿಗಳಿಗೆ ಹಡಗಲಿಯಿಂದ ಮಲ್ಲಿಗೆ ಹಾರ ಬಂದಿತ್ತು. ಅನ್ನದಾನಮ್ಮ ಅಡುಗೆಮನೆಯಲ್ಲಿ ಮಿರ್ಚಿ ಕರಿಯುತ್ತಿದ್ದಳು. ನಾಲ್ಕೈದು ಜನ ದೊಡ್ಡ ದೊಡ್ಡ ಸಾಹೇಬರು ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡು ಕೊಟ್ಟಿಗೆಯೊಳಗೆ ಬಂದರು. ಮುಮ್ತಾಜ್ ಬಾಗಿಲಲ್ಲಿ ನಿಂತು ಗಂಡನ ಕೈಯನ್ನೇ ನೋಡುತ್ತಿದ್ದಳು.

ಗುಲಾಮಹುಸೇನ ಬಿಸ್ಮಿಲ್ಲಾ ಎಂದು ಕಡ್ಡಿ ಮುಟ್ಟಿಸಿ ಹಿಂದಕ್ಕೆ ಸರಿಸಿದ. ಗಾಜಿನಲ್ಲಿ ಬೆಳಕು ಬಿತ್ತು. ಚೆನ್ನಾಗಿಯೇ ಬಿತ್ತು. ಒಬ್ಬ ಸಾಹೇಬರು ಬಗ್ಗಿ ನೋಡಿ ತಲೆಯಾಡಿಸಿದರು. ಅಷ್ಟರಲ್ಲಿ ಪಟಪಟ, ಪಟಪಟ. ಕೈ ತಳ್ಳಿತು. ಎಳೆಯಬೇಕು ಎಂದು ತಲೆಗೆ ಹೊಳೆಯುವ ಮೊದಲೇ ಮತ್ತೊಮ್ಮೆ ತಳ್ಳಿತು. ಮಸಿಯ ಗಡ್ಡ ಹೋಗಿ ಎದುರಿನ ಕಡ್ಡಿಗೆ ತಾಗಿತು, ಧಡ್ ಎಂದು ಫ್ಯೂಜು ಹಾರಿತು, ಕಿಂಡಿಯ ಗಾಜು ಸೀಳಿತು, ಒಂದು ಹಿಡಿ ಮಸಿ ಬಂದು ಬಿಳಿ ಅಂಗಿಯ ಮೇಲೆ ಕೂತಿತು. ಸಾಹೇಬರೆಲ್ಲ ಒಬ್ಬರನ್ನೊಬ್ಬರು ತುಳಿದುಕೊಂಡು ಹಿಂದೆ ಸರಿದರು.

ಸಿದ್ದೇಶ್ ಮುಂದೆ ಬಂದ. “ಇದಕ್ಕೇ ಸರ್, ಮನುಷ್ಯರ ಕೈ ನಂಬಿಕೊಂಡು ಈ ಕೆಲಸ ಮಾಡೋಕೆ ಆಗೋದಿಲ್ಲ. ಎಷ್ಟೇ ಅನುಭವ ಇದ್ದರೂ ಹೀಗೇ. ಈಗ ಇದನ್ನ ನೋಡಿ” ಎಂದು ಫ್ಯೂಜು ಬದಲಿಸಿ ಮೋಟರಿನ ಪೈಪಿಗೆ ಕರೆಂಟು ಕೊಟ್ಟ. ಮೋಟರು ಗುಂಯ್ಗುಟ್ಟುತ್ತ ಎಳೆಯಿತು, ತಳ್ಳಿತು, ಎಳೆಯಿತು. ಬಲೂನು ಉಬ್ಬಿತು, ಜಂತೆಗೆ ಏರಿತು. ಚಪ್ಪಾಳೆ ಬಿತ್ತು. ಗುಲಾಮಹುಸೇನ ಗೋಡೆಗೆ ಒರಗಿ ನಿಂತು ತಾನೂ ಚಪ್ಪಾಳೆ ಹೊಡೆದ. ಅವನ ಮುಖದಲ್ಲಿ ರಕ್ತವಿರಲಿಲ್ಲ. ಬಾಗಿಲ ಕಡೆ ನೋಡುವ ಧೈರ್ಯವೂ ಇರಲಿಲ್ಲ.

ಸಾಹೇಬರ ಜೀಪು ಹೋದಮೇಲೆ ಅವನು ಸಿದ್ದೇಶನ ಎರಡೂ ಕೈ ಹಿಡಿದುಕೊಂಡ. “ಎಲ್ಲಾರ ಮುಂದ ನಿನ್ನ ಮರ್ಯಾದಿ ತೆಗೆದ್ನಲ್ಲೋ ಸಿದ್ದ. ಮಾಫ್ ಮಾಡಲೇ.”

“ಹೋಗ್ಲಿ ಬಿಡೋ” ಎಂದು ಸಿದ್ದೇಶ್ ಹೆಗಲ ಮೇಲೆ ಕೈಹಾಕಿದ. “ಹಳೇ ಚಾಳಿ. ವಯಸ್ಸೂ ಆತು. ನಿಂದೇನು ತಪ್ಪಲ್ಲ.” ಮುಮ್ತಾಜಳಿಗೂ ಅದನ್ನೇ ಹೇಳಿದ: “ಬೇಜಾರ ಮಾಡ್ಕೋಬ್ಯಾಡಮ್ಮ. ಅವಗ ನಾ ಏನೂ ಅನ್ನಂಗಿಲ್ಲ.”

ಸಂಸ್ಥೆಯವರು ಮೆಚ್ಚಿದರು, ಸಿದ್ದೇಶನಿಗೆ ಕರೆ ಬಂತು. ಗುಲಾಮಹುಸೇನನಿಗೆ ಬರಲಿಲ್ಲ. ಅಲ್ಲಿ ಅವರದೇ ಜನ ಇದ್ದಾರಂತೆ, ಮೋಟರಿಗೆ ಆಪರೇಟರ್ ಬೇಡವಂತೆ. ಇವನೂ ಕೇಳಲಿಲ್ಲ. ಯಾವ ಬಾಯಲ್ಲಿ ಕೇಳುತ್ತಾನೆ? ಊರಲ್ಲಿ ಸುದ್ದಿ ಹಬ್ಬಿತ್ತು, ಲೈಟಿನ ಹುಸೇನಪ್ಪನ ಕೈ ಹೋಯಿತು ಎಂದು. ನಗೆಯಾಡಿದವರಿಗಿಂತ ಹೆಚ್ಚಾಗಿ ಅವನೇ ಅದನ್ನು ನಂಬಿದ. ಅಂಗಡಿಯಲ್ಲಿ ಬೆಸುಗೆ ಹಾಕುವಾಗ ಕೈ ನಡುಗತೊಡಗಿತು. ಟ್ರ್ಯಾಕ್ಟರಿನ ನಾಜೂಕು ಕೆಲಸಗಳನ್ನು, “ಹಗರಿಬೊಮ್ಮನಹಳ್ಳಿಗೆ ಒಯ್ರಿ, ಅಲ್ಲಿ ಚಲೋ ಮಾಡ್ತಾರ” ಎಂದು ವಾಪಸು ಕಳಿಸಿದ. ಮುಮ್ತಾಜ್ ದಿನವೂ ಆ ಕೈಗೆ ಎಣ್ಣೆ ತಿಕ್ಕಿದಳು. ಕೈಗೆ ಏನಾಗಿತ್ತು ಎಣ್ಣೆ ತಿಕ್ಕಲು? ಆದರೆ ಪಾಪ, ಅವಳಿಗೇನು ಗೊತ್ತು.

ಕೊಟ್ಟಿಗೆಯ ಗೇಟಿನ ತಿರುಗಣಿ ಮುರಿದಿದೆ ಎಂದು ಅನ್ನದಾನಮ್ಮ ಹೇಳಿಕಳಿಸಿದ್ದು ಆ ಹೊತ್ತಿಗೆ. ಗುಲಾಮಹುಸೇನ ಹೋಗಿ ಗೇಟು ಬಿಚ್ಚಿ ಕುಳಿತ. ಅವಳು ಚಹಾ ತಂದುಕೊಟ್ಟು, ಎಮ್ಮೆಯ ಮೈ ತಿಕ್ಕುತ್ತ ಗೊಣಗತೊಡಗಿದಳು.

“ಅವತ್ತು ನನ್ನ ಮಿರ್ಚಿ ಕೆಡಿಸಿದ್ರಲ್ಲೋ ಹುಸೇನಪ್ಪ. ಅಷ್ಟು ಸಾಹೇಬರು ಬಂದಾರ, ಎಣ್ಣಿ ಕಾದೈತಿ, ಹಿಟ್ಟಿನಾಗ ಎದ್ದಿ ಬಿಟ್ಟೀನಿ, ಅಷ್ಟರಾಗ ಒಲಿ ಪುಸ್ ಅಂತ ಆರಿಹೋತು. ಎಲ್ಲಾ ಎಣ್ಣಿ ಕುಡದು ಮೆತ್ತಗಾದವು. ನೀವು ದಿನಾ ಆಟ ಆಡೋವಾಗ ಒಲಿ ಸಣ್ಣ ಆಗತಿತ್ತು, ಆದ್ರ ಹಿಂಗ ಯಾವತ್ತೂ ಆರಿದ್ದಿಲ್ಲ.”

ಗುಲಾಮಹುಸೇನ ತಲೆಯೆತ್ತಿದ. “ಯಾವಾಗ ಆರಿತು ಅತ್ತಿ?”

“ನೀ ಸುರು ಮಾಡಿದ್ಯಲ್ಲ, ಆವಾಗ. ಧಡ್ ಅಂತ ಸಪ್ಪಳ ಆತು ನೋಡು, ಅದಕ್ಕಿಂತ ಮುಂಚೆ.”

“ಮೋಟರಿಂದು ಸುರು ಆದಾಗ?”

“ಆವಾಗ ಮತ್ತ ಕಡ್ಡಿ ಗೀರಿದೆ, ಚಲೋ ಉರೀತು. ಎರಡನೇ ಸಲ ಕರಿದದ್ದು ಗರಿಗರಿ ಆಗಿದ್ವು. ನೀ ತಿನ್ನದ ಹೋದಿ.”

ಅವಳು ಮತ್ತೇನೇನೋ ಹೇಳುತ್ತಲೇ ಇದ್ದಳು. ಗುಲಾಮಹುಸೇನನಿಗೆ ಅದೊಂದೂ ಕೇಳಲಿಲ್ಲ. ಗುಂಡಿಯಿಂದ ಬರುವ ಪೈಪು ಒಂದೇ. ಅಡುಗೆಮನೆಯ ಒಲೆ ಪೂರ್ತಿ ಆರಬೇಕಾದರೆ ಗ್ಯಾಸೆಲ್ಲ ಕೊಟ್ಟಿಗೆಯ ಕಡೆಗೆ ನುಗ್ಗಿರಬೇಕು. ಕೊಟ್ಟಿಗೆಯ ಕಡೆ ಇರುವುದು ಒಂದು ವಾಲ್ವ್, ಅದರ ಮೇಲಿದ್ದದ್ದು ಒಬ್ಬನ ಕೈ. ತನ್ನ ಸರದಿಗೆ ಅದು ಪೂರ್ತಿ ತೆರೆದಿತ್ತು, ಮೋಟರಿನ ಸರದಿಗೆ ಹದಕ್ಕೆ ಬಂದಿತ್ತು. ಪಟಪಟ ಶಬ್ದ ತಾನಾಗಿ ಬಂದದ್ದಲ್ಲ, ಬರಿಸಿದ್ದು. ಆ ಶಬ್ದಕ್ಕೆ ಈ ಕೈ ಏನು ಮಾಡುತ್ತದೆ ಎಂಬುದು ಈ ಭೂಮಿಯ ಮೇಲೆ ಇಬ್ಬರಿಗೆ ಮಾತ್ರ ಗೊತ್ತಿತ್ತು. ಇನ್ನೊಬ್ಬನಿಗೆ ಹೇಳಿಕೊಟ್ಟವನು ತಾನೇ.

ಗೇಟು ಹಾಗೇ ಬಿದ್ದಿತ್ತು. ಅವನು ಹೋಗಿ ಗುಂಡಿಯ ಪೈಪು ಕವಲೊಡೆಯುವಲ್ಲಿ ಕೈಯಿಟ್ಟು ನೋಡಿದ. ಆಮೇಲೆ ಬಂದು, ತಿರುಗಣಿಗೆ ಬೆಸುಗೆ ಹಾಕಿದ. ಕೈ ನಡುಗಲಿಲ್ಲ. ಅದನ್ನು ನೋಡಿ ಅವನಿಗೆ ಇನ್ನೂ ಸಂಕಟವಾಯಿತು.

ಮಷಿನ್ ಸಾಗಿಸಲು ಟೆಂಪೋ ಬಂದ ದಿನ ಸಿದ್ದೇಶ್ ಅವನಿಗೂ ಹೇಳಿಕಳಿಸಿದ್ದ, ಪೈಪು ಬಿಚ್ಚಿಕೊಡು ಬಾ ಎಂದು. ಗುಲಾಮಹುಸೇನ ಹೋದ. ಒಂದೊಂದೇ ನಟ್ಟು ಬಿಚ್ಚಿ, ಗಾಜಿಗೆ ಗೋಣಿತಾಟು ಸುತ್ತಿ, ಎಲ್ಲವನ್ನೂ ಟೆಂಪೋಗೆ ಏರಿಸಿಕೊಟ್ಟ. ವಾಲ್ವ್ ಮಾತ್ರ ಕೈಯಲ್ಲಿ ಹಿಡಿದುಕೊಂಡು ಸಿದ್ದೇಶನ ಮುಂದೆ ನಿಂತ.

“ಅವತ್ತು ಇದನ್ನ ಪೂರ್ತಿ ತಿರುವಿದ್ಯಾ?”

ಸಿದ್ದೇಶ್ ಡ್ರೈವರ್ ಎಲ್ಲಿದ್ದಾನೆ ಎಂದು ಒಮ್ಮೆ ನೋಡಿದ. ಇಲ್ಲ ಎನ್ನಬಹುದಿತ್ತು. ಗುಲಾಮಹುಸೇನನ ಮನಸ್ಸು ಒಳಗೊಳಗೇ ಇಲ್ಲ ಅನ್ನೋ, ಇಲ್ಲ ಅನ್ನೋ ಎಂದು ಬೇಡಿಕೊಳ್ಳುತ್ತಿತ್ತು.

“ಹೂಂ” ಎಂದ ಸಿದ್ದೇಶ್. “ಮತ್ತೇನು ಮಾಡ್ಲೋ? ನಿನ್ನ ಕೈಯಾಗ ಚಲೋ ನಡೆದ್ರ, ಮೋಟರ್ ಯಾಕ ಬೇಕು ಅಂತ ಕೇಳತಿದ್ರು ಅವರು. ನನ್ನದೇನೂ ಉಳೀತಿದ್ದಿಲ್ಲ. ನೀ ಅಂದ್ರ ನಮ್ಮವ. ತಪ್ಪು ತಿಳಿಯಂಗಿಲ್ಲ ಅಂತ ಧೈರ್ಯ ಇತ್ತು.”

“ಒಂದು ಮಾತು ಹೇಳಿದ್ರ ನಾನ ಸೋಲತಿದ್ನಲ್ಲೋ ಸಿದ್ದ” ಎಂದ ಗುಲಾಮಹುಸೇನ. “ನಿನ್ನ ಸಲುವಾಗಿ ಅವರ ಮುಂದ ಬೇಕಂತನ ಸೋಲತಿದ್ದೆ. ಇದೇನು ದೊಡ್ಡ ಮಾತು?”

“ಗೊತ್ತಿತ್ತು. ಆದ್ರ ಬೇಕಂತ ಸೋತಿದ್ರ ನಿನ್ನ ಮುಖದಾಗ ಗೊತ್ತಾಗತಿತ್ತು. ನಿನಗ ನಾಟಕ ಬರಂಗಿಲ್ಲ.”

ಇಷ್ಟು ಯೋಚನೆ ಮಾಡಿದ್ದ! ಅದಕ್ಕಾಗಿ ಬಿಳಿ ಅಂಗಿ ಹಾಕಿಕೊಂಡು ಬಾ ಎಂದಿದ್ದ, ಹೆಂಡತಿಯನ್ನೂ ಕರಕೊಂಡು ಬಾ ಎಂದಿದ್ದ. ಗೆಳೆಯನ ಮುಖ ನಿಜವಾಗಿಯೂ ಕಪ್ಪಿಡಬೇಕು ಎಂಬುದೂ ಅವನ ಲೆಕ್ಕದಲ್ಲಿತ್ತು. ಆಮೇಲೆ ಬಂದು ಹೆಗಲ ಮೇಲೆ ಕೈ ಹಾಕಿ, ಮಾಫಿ ಕೇಳಿಸಿಕೊಂಡು, ಕ್ಷಮಿಸಿಯೂ ಇದ್ದ. ಇಂಥವರ ಎದೆ ಯಾವುದರಿಂದ ಮಾಡಿದ್ದೋ ದೇವರಿಗೇ ಗೊತ್ತು.

ಗುಲಾಮಹುಸೇನ ಬೈಯಲಿಲ್ಲ. ವಾಲ್ವನ್ನು ಉಳಿದ ಸಾಮಾನಿನ ಜೊತೆ ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ ಟೆಂಪೋದಲ್ಲಿಟ್ಟ. ಸಿದ್ದೇಶ್ ಮುಂದಿನ ಸೀಟಿಗೆ ಹತ್ತಿ, ಕಿಟಕಿಯಿಂದ ಕೈ ಚಾಚಿ, “ಬರ್ತೀನಲೇ. ಅಲ್ಲಿಗೆ ಹೋಗಿ ಫೋನ್ ಮಾಡ್ತೀನಿ” ಅಂದ.

“ಹೋಗಿ ಬರ್ರಿ, ಸರ್” ಎಂದ ಗುಲಾಮಹುಸೇನ. ಚಾಚಿದ ಕೈಯನ್ನು ಹಿಡಿಯಲಿಲ್ಲ. ಸಿದ್ದೇಶ್ ನಗಬೇಕೋ ಬೇಡವೋ ತಿಳಿಯದೆ ಅವನ ಮುಖ ನೋಡಿದ. ಡ್ರೈವರ್ ಗಾಡಿ ಹೊರಡಿಸಿದ.

ಗುಲಾಮಹುಸೇನ ಅಂಗಡಿಗೆ ಹೋಗದೆ ಮನೆಗೆ ನಡೆದ. ಮುಮ್ತಾಜ್ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಹೊತ್ತಲ್ಲದ ಹೊತ್ತಿನಲ್ಲಿ ಬಂದ ಗಂಡನನ್ನು ನೋಡಿ ಮೊರ ಪಕ್ಕಕ್ಕಿಟ್ಟಳು. ಅವನು ಅವಳೆದುರು ನೆಲದ ಮೇಲೆಯೇ ಕುಳಿತು, ಬಲಗೈಯನ್ನು ಮುಂದೆ ಚಾಚಿದ.

“ಈ ಕೈ ತಪ್ಪಿದ್ದಿಲ್ಲ ಮುಮ್ತಾಜ್. ಅವತ್ತು ಗ್ಯಾಸು ಜೋರು ಬಂದಿತ್ತು. ಒಲಿ ಆರಿದ್ದು ಅನ್ನದಾನತ್ತಿ ನೋಡ್ಯಾರ. ಅಷ್ಟು ಗ್ಯಾಸಿಗೆ ಯಾರ ಕೈಯಾಗಿದ್ರೂ ಹಂಗ ಆಗತಿತ್ತು. ನನ್ನ ಕೈ ಸರಿ ಐತಿ.”

ಮುಮ್ತಾಜ್ ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ಅವಳ ಕಣ್ಣುಗಳು ತುಂಬಿ ಬಂದವು. ಆ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು. “ಅಲ್ಲಾನ ದಯಾ! ನಾ ಹೇಳತಿದ್ದಿಲ್ಲೇನು? ಎಷ್ಟು ಕೊರಗಿದ್ರಿ ನೀವು!” ಎಂದು ಅಳುತ್ತ ನಕ್ಕಳು. ತಟಕ್ಕನೆ ಏನೋ ಹೊಳೆದವಳಂತೆ ಎದ್ದು ನಿಂತಳು. “ಅಯ್ಯೋ, ಸಿದ್ದಣ್ಣ ಇವತ್ತ ಹೊಂಟಾರಲ್ಲ! ಓಡಿ ಹೋಗಿ ಹೇಳಿ ಬರ್ರಿ. ಈ ಮಾತು ಕೇಳಿದ್ರ ನಮಗಿಂತ ಹೆಚ್ಚು ಖುಷಿ ಪಡೋದು ಅವ್ರ.”

ಗುಲಾಮಹುಸೇನ ಕುಳಿತಲ್ಲಿಂದ ಏಳಲಿಲ್ಲ.

“ಅವಗ ಗೊತ್ತೈತಿ” ಎಂದ. ಅವತ್ತಿನಿಂದ ತಡೆದುಕೊಂಡಿದ್ದ ಅಳು ಆಗ ಬಂತು.